ಊರೆಲ್ಲ ಕೇಳಿದ ಕಾರ್ಯಕ್ರಮ

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂಬ ಅನುಮಾನ ಇಟ್ಟುಕೊಂಡೇ ಹೇಳಲು ಹೊರಟಿದ್ದೇನೆ, ದಯವಿಟ್ಟು ಮನ್ನಿಸಬೇಕು. ನನ್ನ ಹೆಸರು ಎಲ್ರಾಯ್ ಡಾಲ್ಕಿ, ನಮ್ಮೂರಿನ ನೀರು ಸರಬರಾಜು ಕಚೇರಿಯ ನೌಕರ. ಕಲಿತ ಅಷ್ಟಿಷ್ಟನ್ನು ಸಂಜೆ ತರಗತಿಗಳಲ್ಲಿ, ಆಕಳಿಕೆಗಳ ನಡುವೆ ಕಲಿತವನು. ಸಂಗೀತದ ಬಗ್ಗೆ ಬರೆಯಬೇಕಾದವರು ಬೇರೆ ಇದ್ದಾರೆ. ರೇಡಿಯೋ ಬಗ್ಗೆ ಬರೆಯಬೇಕಾದವರಂತೂ ಖಂಡಿತ ಬೇರೆಯೇ. ಆದರೆ ಅವರ್ಯಾರೂ ಈ ವಿಷಯ ಎತ್ತುವುದಿಲ್ಲ. ನಮ್ಮ ವಿಸ್ಕಾನ್ಸಿನ್ ಕಡೆಯ ಜನ ಬಹಳ ಮರ್ಯಾದಸ್ಥರು; ಎದುರಿಗಿದ್ದವನ ಮನಸ್ಸು ನೋಯುವ ಮಾತು ಬಾಯಿಗೆ ಬಂದರೆ ಅದನ್ನು ನುಂಗಿ, ಮೇಲೆ ಒಂದು ಗುಟುಕು ಬಿಯರ್ ಕುಡಿದುಬಿಡುತ್ತಾರೆ. ಈ ಕಥೆಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಆದದ್ದೆಲ್ಲ ಮರ್ಯಾದೆಯಿಂದಲೇ ಆಯಿತು.

ವರ್ಲಿನ್ ಸ್ಟ್ರೋಯ್ಕ್ ನನ್ನ ಹಳೆಯ ಸ್ನೇಹಿತ. ಮಿಲ್ ರಸ್ತೆಯ ಕೊನೆಯಲ್ಲಿ ಅವನ ಗ್ಯಾರೇಜು. ಹುಲ್ಲು ಕತ್ತರಿಸುವ ಯಂತ್ರ, ಹಿಮ ಎಸೆಯುವ ಯಂತ್ರ, ಹೀಗೆ ಕೂಗಾಡುವುದನ್ನೆಲ್ಲ ರಿಪೇರಿ ಮಾಡುತ್ತಿದ್ದ. ಅಲ್ಲಿ ಮೊಳೆಗೆ ನೇತುಹಾಕಿದ್ದ ರೇಡಿಯೋದ ತಿರುಗಣೆ ಯಾವತ್ತೋ ಮುರಿದು, ಮುಳ್ಳು ನಮ್ಮೂರ ಕಾಲೇಜಿನ ಸ್ಟೇಷನ್ನಿನ ಮೇಲೇ ನಿಂತುಬಿಟ್ಟಿತ್ತು. ಊರಿನ ಯಂತ್ರಗಳನ್ನೆಲ್ಲ ಸರಿಮಾಡಿದ ವರ್ಲಿನ್ ಅದೊಂದನ್ನು ಸರಿಮಾಡಲಿಲ್ಲ. "ಬೇರೆ ಸ್ಟೇಷನ್ ಕೇಳಿ ಏನಾಗ್ಬೇಕು?" ಎನ್ನುತ್ತಿದ್ದ.

ಪ್ರಾಯದಲ್ಲಿ ನಾವಿಬ್ಬರೂ ಅವನ ತುಕ್ಕು ಹಿಡಿದ ವ್ಯಾನಿನಲ್ಲಿ ಮಿನಿಯಾಪೊಲಿಸ್‌ಗೂ ಮಿಲ್ವಾಕಿಗೂ ಹೋಗಿ, ಅಂಗಿಯ ಗುಂಡಿಯನ್ನೂ ನೆಟ್ಟಗೆ ಹಾಕಿಕೊಳ್ಳದ ಹುಡುಗರು ಗಿಟಾರನ್ನು ಗೋಳಾಡಿಸುವುದನ್ನು ಕೇಳಿ ಬರುತ್ತಿದ್ದೆವು. ಆಲ್ಟರ್ನೇಟಿವ್ ರಾಕ್ ಎಂದು ಆಮೇಲೆ ಅದಕ್ಕೆ ಹೆಸರು ಬಂತು. ನಾವು ಅದನ್ನು 'ನಮ್ಮದು' ಎನ್ನುತ್ತಿದ್ದೆವು. ಆಮೇಲೆ ಬಂದದ್ದು ಯಾವುದೂ ಅದರ ಸಮ ಅಲ್ಲ ಎಂದು ವರ್ಲಿನ್ ನಂಬಿದ್ದ.

ಜಗಳವಾದದ್ದು ವರ್ಲಿನ್‌ನ ಐವತ್ತನೇ ಹುಟ್ಟುಹಬ್ಬದಲ್ಲಿ. ನಾಲ್ಕು ಮಾತಾಡು ಎಂದು ಎಲ್ಲರೂ ನನ್ನನ್ನು ಎಬ್ಬಿಸಿದರು. ಹಿಂದಿನ ಚಳಿಗಾಲ ಸಂಜೆ ತರಗತಿಯಲ್ಲಿ ಭಾಷಣ ಕಲೆ ಕಲಿತಿದ್ದೆ. ಕೇಳುಗರಿಗೆ ಭರವಸೆ ಮೂಡಿಸಿ ಮುಗಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು.

"ವರ್ಲಿನ್‌ಗೆ ಐವತ್ತಾಯ್ತು. ಹಾಗಂತ ಒಳ್ಳೇ ಹಾಡುಗಳ ಕಾಲ ಏನೂ ಮುಗಿದಿಲ್ಲ. ಈಗಿನ ಹುಡುಗರೂ ಚೆನ್ನಾಗೇ ಬಾರಿಸ್ತಾರೆ" ಎಂದೆ.

"ಏನಂದೆ?" ಎಂದ ವರ್ಲಿನ್.

"ಈಗಿನ ಹುಡುಗರೂ..."

"ಅಷ್ಟು ವರ್ಷ ನನ್ನ ವ್ಯಾನಲ್ಲಿ ಕೂತ್ಕೊಂಡು ಬಂದ್ಯಲ್ಲೋ, ಕಿವೀಲಿ ಏನಿಟ್ಕೊಂಡಿದ್ದೆ?"

"ಹತ್ತಿ. ನೀನೇ ಕೊಡ್ತಿದ್ದೆ."

ಜನ ನಕ್ಕರು. ನಗಬಾರದಿತ್ತು. ವರ್ಲಿನ್ ಕೇಕಿನ ಮುಂದಿನಿಂದ ಎದ್ದು ಕೋಟು ಹಾಕಿಕೊಂಡು, ತನ್ನ ಹುಟ್ಟುಹಬ್ಬದಿಂದ ತಾನೇ ಹೊರಟುಹೋದ. ಆಮೇಲೆ ನನ್ನ ಫೋನು ಎತ್ತಲಿಲ್ಲ. ಗ್ಯಾರೇಜಿಗೆ ಹೋದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಹಿಮ ಎಸೆಯುವ ಯಂತ್ರವನ್ನು ಚಾಲೂ ಮಾಡುತ್ತಿದ್ದ. ಜೂನ್ ತಿಂಗಳಲ್ಲಿ! ಒಂದು ದಿನ ಆ ಸದ್ದಿನಲ್ಲಿ ಕಾಲು ಗಂಟೆ ಕ್ಷಮೆ ಕೇಳಿ ಬಂದೆ. ಬಾಯಿಯ ಅಲುಗಾಟ ನೋಡಿ ಅವನಿಗೆ ಏನು ಅರ್ಥವಾಯಿತೋ.

ಆಗ ನನಗೆ ಹೊಳೆದದ್ದು ಆ ರೇಡಿಯೋ. ನನ್ನ ಫೋನನ್ನು ಅವನು ಎತ್ತದಿರಬಹುದು, ಆದರೆ ಕಾಲೇಜಿನ ಸ್ಟೇಷನ್ನನ್ನು ಆರಿಸುವವನಲ್ಲ.

ನಮ್ಮ ಕಾಲೇಜಿನ ಸ್ಟೇಷನ್ ಇರುವುದು ಊಟದ ಹಾಲಿನ ಕೆಳಗಿನ ನೆಲಮಾಳಿಗೆಯಲ್ಲಿ. ವಿದ್ಯಾರ್ಥಿಗಳೇ ಅದನ್ನು ನಡೆಸುತ್ತಾರೆ. ಬೇಸಿಗೆಯಲ್ಲಿ ಅವರೆಲ್ಲ ಮನೆಗೆ ಹೋದಾಗ, ವಿದ್ಯಾರ್ಥಿ ಕಾರ್ಡು ಇರುವ ಯಾರು ಬೇಕಾದರೂ ಕಾರ್ಯಕ್ರಮ ನಡೆಸಬಹುದು. ಪ್ರೊಫೆಸರ್ ಟೋರ್ಗಸನ್ ಅವರ 'ಮಣ್ಣು ಮತ್ತು ಅಂತರ್ಜಲ' ಎಂಬ ಸಂಜೆ ತರಗತಿಗೆ ಸೇರಿದ್ದರಿಂದ ನನ್ನ ಬಳಿಯೂ ಒಂದು ಕಾರ್ಡು ಇತ್ತು. ಸ್ಟೇಷನ್ನಿನ ಮೇಲ್ವಿಚಾರಣೆ ಇನೆಜ್ ಎಂಬ ಹುಡುಗಿಯದು. ಹೆದರಿಕೊಂಡೇ ಹೋಗಿ, ನನಗೆ ಅನುಭವ ಇಲ್ಲ, ದನಿ ಚೆನ್ನಾಗಿಲ್ಲ, ಉಚ್ಚಾರ ಶುದ್ಧವಿಲ್ಲ ಎಂದು ಒಂದೊಂದಾಗಿ ಒಪ್ಪಿಸಿದೆ.

"ಶನಿವಾರ ಸಂಜೆ ಉಸಿರಾಡ್ತಿರ್ತೀರಾ?" ಎಂದು ಕೇಳಿದಳು.

"ಹೌದು ಅನ್ಸುತ್ತೆ."

"ಹಾಗಾದ್ರೆ ಶನಿವಾರ ಸಂಜೆ ನಿಮ್ದು. ಒಂದೇ ನಿಯಮ, ಅರ್ಧದಷ್ಟು ಹಾಡು ಹೊಸದಿರ್ಬೇಕು."

ಆ ನಿಯಮ ನನಗೆಂದೇ ಮಾಡಿದಂತಿತ್ತು. ಒಂದು ಹಳೆಯ ಹಾಡು, ನಾನೂ ವರ್ಲಿನ್ನೂ ವ್ಯಾನಿನಲ್ಲಿ ಕಿರುಚಿಕೊಂಡು ಹಾಡುತ್ತಿದ್ದದ್ದು; ಅದರ ಬೆನ್ನಿಗೇ ಒಂದು ಹೊಸದು, ಅದರ ಮೊಮ್ಮಗನಂತಿರುವುದು. ಮೂಗು, ಕಿವಿ ಎಲ್ಲ ಅದೇ. ಒಂದೆರಡು ವಾರ ಕೇಳಿದರೆ ವರ್ಲಿನ್ನೇ ಒಪ್ಪಿಕೊಳ್ಳುತ್ತಾನೆ ಎಂದುಕೊಂಡೆ.

ಇನೆಜ್ ಕೆಲಸ ಕಲಿಸಿದಳು. ಯಾರೂ ಇಲ್ಲದಾಗ ಒಂದು ಯಂತ್ರ ತಾನಾಗಿ ಹಾಡು ಹಾಕುತ್ತಿರುತ್ತದೆ. ಮೇಜಿನ ಮೇಲೆ ಒಂದು ಗುಂಡಿ. ಅದರ ಸುತ್ತ ಬರೆದ ಅಕ್ಷರಗಳೆಲ್ಲ ವಿದ್ಯಾರ್ಥಿಗಳ ಬೆರಳಿಗೆ ಸವೆದುಹೋಗಿದ್ದವು.

"ಬಂದ ತಕ್ಷಣ ಇದನ್ನ ತಿರುಗ್ಸಿ, ಪ್ರಸಾರ ಯಂತ್ರದಿಂದ ನಿಮ್ಮ ಕೈಗೆ ಬರುತ್ತೆ. ಹೋಗುವಾಗ ಮತ್ತೆ ತಿರುಗ್ಸಿ, ಯಂತ್ರಕ್ಕೆ ಹೋಗುತ್ತೆ."

"ಅಕಸ್ಮಾತ್ ಮರೆತ್ರೆ? ಊರಿಗೆಲ್ಲ ಬರೀ ಮೌನ ಪ್ರಸಾರ ಆಗ್ಬಿಟ್ರೆ?"

"ಒಂದು ನಿಮಿಷ ಸದ್ದಿಲ್ಲ ಅಂದ್ರೆ ಯಂತ್ರ ತಾನೇ ಶುರು ಮಾಡ್ಕೊಳ್ಳುತ್ತೆ. ನೀವು ಹೆದರ್ಬೇಡಿ ಮಿಸ್ಟರ್ ಡಾಲ್ಕಿ."

ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿ ಎರಡು ದಾರಿ ಇತ್ತು: ಪ್ರಸಾರ ಗೋಪುರದಿಂದ ಊರಿಗೆ ಹೋಗುವ ಪ್ರಸಾರವನ್ನು ಕೇಳಬಹುದು, ಇಲ್ಲವೇ ನಮ್ಮ ಮೇಜಿನದನ್ನು ಮಾತ್ರ. ಗೋಪುರದ್ದು ಕೆಲವು ಕ್ಷಣ ತಡವಾಗಿ ಬರುವುದರಿಂದ ಅದನ್ನು ಕೇಳುತ್ತ ಮಾತಾಡಿದರೆ ನಾಲಿಗೆ ತೊಡರುತ್ತದೆ. ಆದ್ದರಿಂದ ಎಲ್ಲರಂತೆ ನಾನೂ ಮೇಜಿನದನ್ನೇ ಕೇಳುತ್ತಿದ್ದೆ.

ಮೊದಲ ಶನಿವಾರ ಹೋಗಿ, ಕೈ ಒರೆಸಿಕೊಂಡು, ಹೇಳಿದಂತೆ ಗುಂಡಿ ತಿರುಗಿಸಿದೆ. ಆಮೇಲೆ ನೋಡಿದರೆ ಅಲ್ಲಿ ಪೋಲ್ಕಾ ಎಂಬ ಕುಣಿತದ ಹಾಡುಗಳ ಗ್ರಾಮಫೋನ್ ತಟ್ಟೆ ತಿರುಗುತ್ತಲೇ ಇದೆ! ನನಗಿಂತ ಮುಂಚೆ ಪ್ರೊಫೆಸರ್ ಟೋರ್ಗಸನ್ ಅವರ ಪೋಲ್ಕಾ ಕಾರ್ಯಕ್ರಮ. ಅದು ಮುಗಿಯುವ ಮೊದಲೇ ಅವರು ಸಂಜೆಯ ಚರ್ಚಿಗೆ ಓಡುತ್ತಾರೆ. ಪಾಪ, ವಯಸ್ಸಾಯಿತು, ತಟ್ಟೆ ನಿಲ್ಲಿಸಲು ಮರೆತಿದ್ದಾರೆ ಎಂದುಕೊಂಡು ಎತ್ತಿಟ್ಟೆ. ಪ್ರತಿ ವಾರವೂ ಹಾಗೇ ಆಯಿತು. ಇದನ್ನು ಹೇಳಿ ಅವರನ್ನು ನಾಚಿಸುವುದು ಬೇಡವೆಂದು ಯಾರೊಂದಿಗೂ ಬಾಯಿ ಬಿಡಲಿಲ್ಲ. ಓದುಗರು ಆ ತಟ್ಟೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಮೊದಲ ಹಾಡಾದ ಮೇಲೆ ಮೈಕಿನ ಮುಂದೆ ಬಾಗಿ ಹೇಳಿದೆ: "ವರ್ಲಿನ್, ಕೇಳ್ತಾ ಇದ್ರೆ, ಶುಕ್ರವಾರ ಬರ್ನಡೀನ್ ಹೋಟ್ಲಿಗೆ ಮೀನೂಟಕ್ಕೆ ಬಾ. ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ."

ಸೋಮವಾರ ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಪಕ್ಕದ ಮನೆಯ ಆರ್ಡಿಸ್ ಬೇಲಿ ಹಿಡಿದು ನಿಂತಿದ್ದಳು.

"ಶನಿವಾರ ಕೇಳ್ದೆ ಎಲ್ರಾಯ್! ಬೆಣ್ಣೆ ಸವರಿದ ಹಾಗಿತ್ತು ದನಿ."

"ನಿಜವಾಗ್ಲೂ? ಹೊಸ ಹಾಡುಗಳು ಜಾಸ್ತಿ ಆದ್ವಾ?"

"ಹೊಸದೂ ಚೆನ್ನಾಗಿತ್ತು, ಹಳೇದೂ ಚೆನ್ನಾಗಿತ್ತು. ಮಧ್ಯದ್ದಂತೂ ಬಹಳ ಚೆನ್ನಾಗಿತ್ತು."

ಮಧ್ಯದ್ದು ಎಂದರೇನೆಂದು ನನಗೆ ತಿಳಿಯಲಿಲ್ಲ, ಕೇಳುವುದು ಒರಟುತನವಾದೀತೆಂದು ಸುಮ್ಮನಾದೆ. ಕಚೇರಿಯಲ್ಲಿ ನನ್ನ ಮೇಲಧಿಕಾರಿ ಗೇಲರ್ಡ್ ಬೆನ್ನು ತಟ್ಟಿದ. ಬೇಕರಿಯಲ್ಲಿ ಒಂದು ಡೋನಟ್ ಹೆಚ್ಚಿಗೆ ಕೊಟ್ಟರು. ನನ್ನ ಹೆಂಡತಿ ಮಾರ್ಲಿಸ್, "ಅಡುಗೆಮನೇಲಿ ಹಾಕ್ಕೊಂಡೇ ಇದ್ದೆ" ಎಂದಳು. ಊರಿಗೆ ಊರೇ ಕೇಳಿದೆ, ವರ್ಲಿನ್ ಕೇಳಿರದೆ ಇರುತ್ತಾನೆಯೇ?

ಶುಕ್ರವಾರ ಬರ್ನಡೀನ್‌ಳ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರಿದ ಮೀನು, ಆಲೂಗಡ್ಡೆ ದೋಸೆ, ಎಲೆಕೋಸಿನ ಕೋಸಂಬರಿಗಾಗಿ ಜನ ಗೋಡೆಗೊರಗಿ ಕಾಯುತ್ತಿರುತ್ತಾರೆ. ಅಂಥಲ್ಲಿ ನನ್ನ ಟೊಪ್ಪಿಗೆಯನ್ನು ಒಂದು ಕುರ್ಚಿಯ ಮೇಲಿಟ್ಟು ಕೂತೆ. ನಿಂತವರೆಲ್ಲ ಕುರ್ಚಿಯನ್ನು ನೋಡುತ್ತಾರೆ, ಟೊಪ್ಪಿಗೆಯನ್ನು ನೋಡುತ್ತಾರೆ, ನನ್ನನ್ನು ನೋಡಿ ಮುಗುಳ್ನಗುತ್ತಾರೆ. ಯಾರೂ ಕೇಳಲಿಲ್ಲ. ವರ್ಲಿನ್ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನು ಮಾತ್ರ ಪ್ರತಿ ಶನಿವಾರ ಕರೆಯುತ್ತಲೇ ಇದ್ದೆ, ಪ್ರತಿ ಶುಕ್ರವಾರ ನನ್ನ ಟೊಪ್ಪಿಗೆ ಮೀನೂಟಕ್ಕೆ ಕೂರುತ್ತಲೇ ಇತ್ತು.

ಜುಲೈನಲ್ಲಿ ಗೇಲರ್ಡ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ.

"ನೋಡು ಎಲ್ರಾಯ್, ನಿನ್ನ ಕಾರ್ಯಕ್ರಮ ಅಂದ್ರೆ ನಂಗೆ ಪ್ರಾಣ. ಆದ್ರೆ ಊರಿನ ನೀರು ಕಂದು ಬಣ್ಣಕ್ಕೆ ತಿರುಗಿದೆ ಅಂತ ರೇಡಿಯೋದಲ್ಲಿ ಹೇಳ್ಬಾರ್ದಾಗಿತ್ತು."

"ನಾನು ಹಾಗೆ ಹೇಳ್ಲಿಲ್ವಲ್ಲ!"

"ಆರ್ಡಿಸ್ ಕೇಳಿದ್ಳಂತೆ. ಪುರಸಭೆ ಸದಸ್ಯರು ಮೂರು ಜನ ಕೇಳಿದ್ರಂತೆ. ಅಷ್ಟೇ ಯಾಕೆ, ನಾನೇ ಕೇಳ್ದೆ."

ಮೇಲಧಿಕಾರಿಯೇ ಕೇಳಿದ್ದಾನೆ ಎಂದ ಮೇಲೆ ನನಗೇ ಅನುಮಾನ ಬಂತು. ಮೈಕಿನ ಮುಂದೆ ಕೂತಾಗ ಗಾಬರಿಯಲ್ಲಿ ಏನೇನೋ ಬಾಯಿಗೆ ಬರುತ್ತದೆ. ಹೇಳಿದ್ದರೂ ಹೇಳಿರಬಹುದು. ಆ ಶನಿವಾರ ಎದ್ದು ನಿಂತು, ಟೊಪ್ಪಿಗೆ ತೆಗೆದು, ನೆಲಮಾಳಿಗೆಯ ಗೋಡೆಯ ಮುಂದೆ ಕ್ಷಮೆ ಕೇಳಿದೆ. ನೀರಿನ ಶುದ್ಧತೆಯ ಬಗ್ಗೆ ಐದು ನಿಮಿಷ ಮಾತಾಡಿದೆ. ಪ್ರೊಫೆಸರ್ ಕಲಿಸಿದ ಅಂತರ್ಜಲವನ್ನೂ ಸ್ವಲ್ಪ ಸೇರಿಸಿದೆ.

ಸೋಮವಾರ ಗೇಲರ್ಡ್ ಕಣ್ಣು ಒದ್ದೆ ಮಾಡಿಕೊಂಡು ಕೈ ಕುಲುಕಿದ. "ಅಂಥಾ ಕ್ಷಮಾಪಣೆ ನಾನು ಜನ್ಮದಲ್ಲಿ ಕೇಳಿಲ್ಲ. ನನ್ನ ಹೆಂಡ್ತಿ ಅತ್ತೇಬಿಟ್ಳು."

ಬೇಲಿಯ ಹತ್ತಿರ ಆರ್ಡಿಸ್, "ಹೋಗ್ಲಿ ಬಿಡು ಎಲ್ರಾಯ್, ಎಲ್ಲಾರ್ದೂ ಬಾಯಿ ಜಾರುತ್ತೆ" ಎಂದು ನನ್ನನ್ನು ಕ್ಷಮಿಸಿದಳು. ಕ್ಷಮಿಸಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಿದೆ.

ಆಗಸ್ಟ್ ಬಂತು. ಒಂದು ದಿನ ಬರ್ನಡೀನ್ ತನ್ನ ಹುಲ್ಲು ಕತ್ತರಿಸುವ ಯಂತ್ರವನ್ನು ವರ್ಲಿನ್ ಬಳಿ ರಿಪೇರಿಗೆ ಒಯ್ದಿದ್ದಳು. ಆ ಸಂಜೆ ನನ್ನ ಮುಂದೆ ಬಿಯರ್ ಇಡುತ್ತ, ಹೇಳಲೋ ಬೇಡವೋ ಎಂಬಂತೆ ನಿಂತಳು.

"ಎಲ್ರಾಯ್‌ನ ಕಾರ್ಯಕ್ರಮ ಕೇಳ್ತೀಯಾ ಅಂದೆ ಅವನ್ನ."

"ಏನಂದ?"

"ಬೇಡ ಬಿಡು."

"ಹೇಳು ಬರ್ನಡೀನ್."

"ಪ್ರತಿ ಶನಿವಾರ ರೇಡಿಯೋ ಮುಂದೇನೇ ಇರ್ತೀನಿ, ಅವನ ದನಿ ಒಂದ್ಸಲಾನೂ ಬಂದಿಲ್ಲ ಅಂದ."

ನನ್ನ ಕೈಯಲ್ಲಿದ್ದ ಬಿಯರು ಬೆಚ್ಚಗಾಯಿತು. ಊರಿಗೆ ಊರೇ ಕೇಳಿದೆ; ಮೇಲಧಿಕಾರಿಯ ಹೆಂಡತಿ ಕೇಳಿ ಅತ್ತಿದ್ದಾಳೆ. ಇಷ್ಟು ಜನರ ಎದುರಿಗೆ ಒಬ್ಬ ಮನುಷ್ಯ ನಿಂತು, ಕೇಳಿಲ್ಲ ಎಂದು ಸಾಧಿಸುತ್ತಿದ್ದಾನೆಂದರೆ ಅದು ಹಟವಲ್ಲದೆ ಇನ್ನೇನು? ಕ್ಷಮೆ ಬೇಡವೆಂದಿದ್ದರೆ ಸಹಿಸುತ್ತಿದ್ದೆ. ನೀನು ಮಾತೇ ಆಡಿಲ್ಲ ಎನ್ನುವುದೇ!

ಆ ಶನಿವಾರ ಹಳೆಯ ಹಾಡು ಒಂದನ್ನೂ ಹಾಕಲಿಲ್ಲ. ಬರೀ ಹೊಸದು. ಕೊನೆಯಲ್ಲಿ ಹೇಳಿದೆ: "ವರ್ಲಿನ್, ಕೇಳಿಸಿಕೊಂಡ್ರೂ ಕೇಳಿಸ್ಲಿಲ್ಲ ಅನ್ನೋರಿಗೆ ಕುರ್ಚಿ ಕಾಯಿಸೋಕಾಗಲ್ಲ. ಈ ಶುಕ್ರವಾರದಿಂದ ಅದರಲ್ಲಿ ಬೇರೆಯವರು ಕೂರ್ತಾರೆ."

ಶುಕ್ರವಾರ ಟೊಪ್ಪಿಗೆಯನ್ನು ತಲೆಯ ಮೇಲೇ ಇಟ್ಟುಕೊಂಡು, ಗೋಡೆಗೊರಗಿ ನಿಂತಿದ್ದ ಪ್ರೊಫೆಸರ್ ಟೋರ್ಗಸನ್ ಅವರನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದೆ. ಅವರು ಬಂಡೆಗಳ ಬಗ್ಗೆ ಒಂದು ನಗೆಹನಿ ಹೇಳಿದರು. ಅರ್ಥವಾಗದಿದ್ದರೂ ಗಟ್ಟಿಯಾಗಿ ನಕ್ಕೆ. ಇಡೀ ಬೇಸಿಗೆಯಲ್ಲಿ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಮರುದಿನ ಊರಿನ ಜೋಳದ ಹಬ್ಬ. ಉದ್ಯಾನದಲ್ಲಿ ಕೆಂಡದ ಮೇಲೆ ರಾಶಿ ರಾಶಿ ಜೋಳದ ತೆನೆ ಸುಟ್ಟು, ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ. ಈ ಸಲ ಪುರಸಭೆಯವರು ನನಗೊಂದು ಗೌರವ ಮಾಡಲು ಹೊರಟರು. ಕಂಬಗಳಿಗೆ ಧ್ವನಿವರ್ಧಕ ಕಟ್ಟಿ, ನನ್ನ ಕಾರ್ಯಕ್ರಮವನ್ನು ಊರಿಗೆ ಊರೇ ಒಟ್ಟಿಗೆ ಕೂತು ಕೇಳುವುದು. ನಾನು ನೆಲಮಾಳಿಗೆಯಲ್ಲಿ; ಊರು ಜೋಳದ ಮುಂದೆ.

ಅಲ್ಲಿ ಏನಾಯಿತೆಂದು ಆಮೇಲೆ ಮಾರ್ಲಿಸ್ ಹೇಳಿದಳು. ಗೇಲರ್ಡ್ ವೇದಿಕೆ ಹತ್ತಿ, "ನಮಗೆಲ್ಲ ಪರಿಚಿತವಾದ ಆ ದನಿ!" ಎಂದು ಘೋಷಿಸಿದ. ಒಂದು ಹಾಡು ಬಂತು. ಮುಗಿಯಿತು. ಇನ್ನೊಂದು ಬಂತು. ಯಂತ್ರದೊಳಗಿನ ಹೆಂಗಸೊಬ್ಬಳು ಸ್ಟೇಷನ್ನಿನ ಹೆಸರು ಹೇಳಿದಳು. ಮತ್ತೆ ಹಾಡು. ಜನ ಹಲ್ಲಿನಲ್ಲಿ ಜೋಳ ಕಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ, ಇಷ್ಟು ದಿನ ಕೇಳಿದ್ದು ಏನು ಎಂಬ ಪ್ರಶ್ನೆ ಬರುತ್ತದಲ್ಲ. ಕೊನೆಗೆ ಆರ್ಡಿಸ್, "ಇವತ್ತು ಸ್ವಲ್ಪ ಕಡಿಮೆ ಮಾತಾಡ್ತಿದ್ದಾನೆ" ಎಂದಳಂತೆ. "ಹೌದು, ಯಾವಾಗ್ಲೂ ಇದಕ್ಕಿಂತ ಜಾಸ್ತಿ ಇರುತ್ತೆ" ಎಂದು ಗೇಲರ್ಡ್ ತಲೆಯಾಡಿಸಿದನಂತೆ.

ಅತ್ತ ನೆಲಮಾಳಿಗೆಯಲ್ಲಿ ಫೋನಿನ ದೀಪ ಮಿನುಗಿತು. ಇಡೀ ಬೇಸಿಗೆಯಲ್ಲಿ ಮೊದಲ ಸಲ! ವರ್ಲಿನ್ನೇ ಇರಬೇಕೆಂದು ರಿಸೀವರ್ ಎತ್ತಿದೆ.

"ನೀವು ಕೇಳುತ್ತಿರುವುದು ಹಳೆಯ ಮತ್ತು ಹೊಸ..." ಎಂದು ರೇಡಿಯೋ ದನಿಯಲ್ಲಿ ಶುರು ಮಾಡಿದೆ.

"ನಾನು ನಿನ್ನ ಹೆಂಡ್ತಿ" ಎಂದಳು ಮಾರ್ಲಿಸ್. "ಎಲ್ಲಿದ್ದೀಯಾ ನೀನು?"

"ಸ್ಟುಡಿಯೋದಲ್ಲಿ! ಪ್ರಸಾರದಲ್ಲಿದ್ದೀನಿ!"

"ಇಲ್ಲ ಎಲ್ರಾಯ್. ನೀನು ಪ್ರಸಾರದಲ್ಲಿಲ್ಲ."

"ಪ್ರತಿ ವಾರ ನೀನು ಕೇಳ್ತಿದ್ದೆ ತಾನೆ?"

ಫೋನಿನಲ್ಲಿ ಜೋಳ ಸುಡುವ ಚಟಪಟ ಕೇಳಿಸಿತು. "ಬೇರೆ ಸ್ಟೇಷನ್ನಲ್ಲಿ ಬೇಸ್‌ಬಾಲ್ ಪಂದ್ಯ ಇರ್ತಿತ್ತಲ್ಲ" ಎಂದಳು ಮೆಲ್ಲಗೆ. "ನೀನು ಅಷ್ಟು ಖುಷಿಯಾಗಿ ಬರ್ತಿದ್ದೆ. ಹೇಗೆ ಹೇಳ್ಲಿ?"

ಉದ್ಯಾನಕ್ಕೆ ಓಡಿದೆ. ದಾರಿಬಿಟ್ಟು ನಿಂತ ಜನ, "ಚೆನ್ನಾಗಿತ್ತು ಎಲ್ರಾಯ್", "ಹಾಡುಗಳು ಒಳ್ಳೇವಿದ್ವು" ಎಂದು ನೆಲ ನೋಡುತ್ತ ಹೇಳಿದರು. ಅಷ್ಟಾದ ಮೇಲೂ! ಚರ್ಚಿನಿಂದ ಬಂದಿದ್ದ ಪ್ರೊಫೆಸರ್ ಮಾತ್ರ ಹತ್ತಿರ ಬಂದು ಪಿಸುಗುಟ್ಟಿದರು.

"ಗುಂಡಿ ಏನಾದ್ರೂ ಕೈಕೊಡ್ತಾ? ನಿಮಗೆ ತೊಂದ್ರೆ ಆಗ್ದಿರ್ಲಿ ಅಂತ ನಾನು ಅದನ್ನ ಸ್ಟುಡಿಯೋ ಕಡೇಗೇ ಬಿಟ್ಟು ಹೋಗ್ತಿದ್ದೆ. ನೀವು ಬರೋವರೆಗೂ ಮೌನ ಆಗ್ಬಾರ್ದು ಅಂತ ಒಂದು ಉದ್ದನೆ ತಟ್ಟೇನೂ ಹಾಕಿ ಹೋಗ್ತಿದ್ದೆ."

ಅವರು ನನಗಾಗಿ ತೆರೆದಿಟ್ಟ ಬಾಗಿಲನ್ನು ನಾನು ಪ್ರತಿ ವಾರ ಗುಂಡಿ ತಿರುಗಿಸಿ, ಪ್ರಸಾರವನ್ನು ಯಂತ್ರಕ್ಕೆ ಕೊಟ್ಟು, ಶ್ರದ್ಧೆಯಿಂದ ಮುಚ್ಚಿ, ಒಳಗೆ ಕೂತು ಮಾತಾಡಿದ್ದೆ. ಹೋಗುವಾಗ ಮತ್ತೆ ತಿರುಗಿಸಿ ತೆರೆದು ಬರುತ್ತಿದ್ದೆ. ಖಾಲಿ ಕೋಣೆಯ ಮೌನಕ್ಕೆ ಬೇಸತ್ತು ಯಂತ್ರ ತಾನೇ ಹಾಡು ಶುರು ಮಾಡುತ್ತಿತ್ತು. ಊರಿನಲ್ಲಿ ನಿಜವಾಗಿ ಕೇಳುತ್ತಿದ್ದವನು ಒಬ್ಬನೇ. ನಿಜ ಹೇಳಿದವನೂ ಅವನೊಬ್ಬನೇ.

ವರ್ಲಿನ್‌ನ ಗ್ಯಾರೇಜಿಗೆ ಹೊರಟ ನನ್ನನ್ನು ಬರ್ನಡೀನ್ ತೋಳು ಹಿಡಿದು ನಿಲ್ಲಿಸಿದಳು.

"ನಿನ್ನೆ ಬಂದಿದ್ದ ಅವನು."

"ಎಲ್ಲಿಗೆ?"

"ಹೋಟ್ಲಿಗೆ. ಬಾಗಿಲಲ್ಲಿ ನಿಂತು ನಿನ್ನ ಕಡೆ ನೋಡ್ದ. ಕುರ್ಚೀಲಿ ಪ್ರೊಫೆಸರ್ ಇದ್ರು. ಒಳಗೆ ಬಾ ಅಂದೆ. ಊಟ ಮಾಡೋರಿಗೆ ತೊಂದ್ರೆ ಬೇಡ ಅಂತ ಹೊರಟುಹೋದ."

"ನಂಗೆ ಯಾಕೆ ಹೇಳ್ಲಿಲ್ಲ?"

"ಎಷ್ಟೋ ದಿನದ ಮೇಲೆ ನಗ್ತಿದ್ದೆ. ಕೆಡಿಸೋದು ಬೇಡ ಅನ್ನಿಸ್ತು."

"ಕುರ್ಚಿ ವಿಷ್ಯ ನೀನೇ ಅವನಿಗೆ ಹೇಳಿದ್ಯಾ?"

"ಇಲ್ಲಪ್ಪ. ನೀನು ರೇಡಿಯೋದಲ್ಲಿ ಹೇಳ್ತಿದ್ದೀಯಲ್ಲ, ಮಧ್ಯೆ ನಾನ್ಯಾಕೆ?"

ಗ್ಯಾರೇಜಿನ ಬಾಗಿಲಿಗೆ ಬೀಗ. ವ್ಯಾನು ಇಲ್ಲ. ಎದುರುಮನೆಯ ಮುದುಕ ಮೆಟ್ಟಿಲ ಮೇಲೆ ಕೂತಿದ್ದ. "ಜಾಗ ಮಾರಿದ. ಮೊಂಟಾನಾದಲ್ಲಿ ತಂಗಿ ಇದಾಳಂತೆ. ನಿನ್ನೆ ಸಾಯಂಕಾಲ ಸಾಮಾನೆಲ್ಲ ವ್ಯಾನಿಗೆ ತುಂಬ್ದ, ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬಂದ, ಬೆಳಿಗ್ಗೆ ಹೊರಟ. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ಒಳಗಿನಿಂದ ಹಾಡು ಕೇಳಿಸುತ್ತಿತ್ತು. ಮೊಳೆಯ ಮೇಲಿನ ರೇಡಿಯೋವನ್ನು ಅವನು ಒಯ್ದಿರಲಿಲ್ಲ, ಆರಿಸಿಯೂ ಇರಲಿಲ್ಲ. ಬೀಗದ ಮುಂದೆ ನಿಂತು ಹಾಡು ಮುಗಿಯುವವರೆಗೂ ಕೇಳಿದೆ. ಹೊಸದು. ವರ್ಲಿನ್‌ಗೆ ಹಿಡಿಸುವಂಥದ್ದು.

ತಂಗಿಯ ಗಂಡನ ಮನೆತನದ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಎಂದವರು ಕೊಟ್ಟ ಮೂರು ವಿಳಾಸಗಳಿಂದಲೂ ನನ್ನ ಕಾಗದ ವಾಪಸು ಬಂತು. ಕಾರ್ಯಕ್ರಮವನ್ನು ಈಗಲೂ ನಡೆಸುತ್ತಿದ್ದೇನೆ. ಇನೆಜ್ ಆ ಗುಂಡಿಯ ಸುತ್ತ ಕೆಂಪು ಬಣ್ಣದಲ್ಲಿ 'ಯಂತ್ರ', 'ಸ್ಟುಡಿಯೋ' ಎಂದು ದೊಡ್ಡದಾಗಿ ಬರೆಸಿದ್ದಾಳೆ. ಮಾತು ಮುಗಿದ ಮೇಲೆ ನಾನು ಹೆಡ್‌ಫೋನನ್ನು ಗೋಪುರದ ದಾರಿಗೆ ತಿರುಗಿಸಿ, ನನ್ನ ದನಿ ತಡವಾಗಿ ಬರುವುದನ್ನು ಪರೀಕ್ಷಿಸುತ್ತೇನೆ. ಬರುತ್ತದೆ. ಬೆಣ್ಣೆ ಸವರಿದಂತೇನೂ ಇಲ್ಲ. ಸೋಮವಾರ ಜನ, "ಕೇಳ್ದೆ ಎಲ್ರಾಯ್" ಎನ್ನುತ್ತಾರೆ, ನಾನು ಥ್ಯಾಂಕ್ಸ್ ಹೇಳುತ್ತೇನೆ.

ನಾನು ಕರೆದದ್ದು ವರ್ಲಿನ್‌ಗೆ ಕೇಳಿಸಲಿಲ್ಲ. ಕುರ್ಚಿ ಕಾಯುತ್ತಿದ್ದದ್ದೂ ಗೊತ್ತಿರಲಿಲ್ಲ. ಹಾಗಿದ್ದರೂ ಆ ಶುಕ್ರವಾರ ಬಂದ. ಬೀಳ್ಕೊಳ್ಳಲು ಬಂದನೋ, ಜಗಳ ಮುಗಿಸಲು ಬಂದನೋ, ನನ್ನ ದನಿ ರೇಡಿಯೋದಲ್ಲಿ ಬರುತ್ತಿಲ್ಲ ಎಂದು ತಿಳಿಸಲು ಬಂದನೋ, ಇಲ್ಲವೇ ಬರೀ ಮೀನು ತಿನ್ನಲು ಬಂದನೋ, ನನಗೆ ಗೊತ್ತಿಲ್ಲ.